ಸೀಜ್ ಆದ ಚೈನ್ ಸಾ: ಹಳೇ ಬೋರ್ ತೊಳೆಯೋದಾ, ಅಗ್ಗದ ಕಿಟ್ ಹಾಕೋದಾ, ಒರಿಜಿನಲ್ ಸೆಟ್ಟಾ?

ಆಯಿಲ್ ಬೆರೆಸದ ಬರೀ ಪೆಟ್ರೋಲ್ ಹಾಕಿ ಓಡಿಸಿದ ಚೈನ್ ಸಾ ಕೆಲವೇ ನಿಮಿಷದಲ್ಲಿ ಸೊರಗಿ, ಪಿಸ್ಟನ್ ಸಿಲಿಂಡರ್‌ನಲ್ಲಿ ಕಚ್ಚಿಕೊಂಡು ನಿಂತುಬಿಡುತ್ತದೆ, ಇದಕ್ಕೇ ಸೀಜ್ ಅನ್ನೋದು. ಅದನ್ನು ಮತ್ತೆ ಓಡಿಸೋಕೆ ಮೂರು ದಾರಿ ಇವೆ. ಹಳೇ ಸಿಲಿಂಡರ್ ತೊಳೆದು ಹೊಸ ಪಿಸ್ಟನ್ ಹಾಕೋದು ಒಂದು. ಮಾರ್ಕೆಟ್‌ನಲ್ಲಿ ಸಿಗುವ ಅಗ್ಗದ ಸಿಲಿಂಡರ್-ಪಿಸ್ಟನ್ ಕಿಟ್ ಹಾಕೋದು ಇನ್ನೊಂದು. ಕಂಪನಿಯ ಒರಿಜಿನಲ್ ಸೆಟ್ ತರೋದು ಮೂರನೆಯದು. ಮೂರನ್ನೂ ಬೇರೆ ಬೇರೆ ಮಿಷನ್‌ಗಳ ಮೇಲೆ ಮಾಡಿ ನೋಡಿದ್ದೇನೆ. ನನ್ನ ಓಟು ಮೊದಲನೆಯದಕ್ಕೆ. ಆದರೆ ಎಲ್ಲಾ ಮಿಷನ್‌ಗೂ ಅದು ಆಗೋದಿಲ್ಲ.

ಮೊದಲು ಒಳಗೆ ಏನಾಗಿರುತ್ತದೆ ನೋಡೋಣ. ಚೈನ್ ಸಾದ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಎಂಜಿನ್ ಆಯಿಲ್‌ಗೆ ಬೇರೆ ಟ್ಯಾಂಕ್ ಇರೋದಿಲ್ಲ. ಲೀಟರ್ ಪೆಟ್ರೋಲ್‌ಗೆ 20 ಎಂಎಲ್ (50:1) ಅಥವಾ 40 ಎಂಎಲ್ (25:1) ಬೆರೆಸುತ್ತೇವಲ್ಲ, ಪಿಸ್ಟನ್‌ಗೂ, ಅದು ತಿರುಗಿಸುವ ಕ್ರ್ಯಾಂಕ್‌ನ ಬೇರಿಂಗ್‌ಗೂ ಅದೊಂದೇ ಜಿಡ್ಡು. ಬರೀ ಪೆಟ್ರೋಲ್ ಹೋದರೆ ಮೊದಲಿದ್ದ ಜಿಡ್ಡನ್ನೂ ಅದೇ ತೊಳೆದುಬಿಡುತ್ತದೆ. ಪಿಸ್ಟನ್ ಬಿಸಿಯಾಗಿ ಉಬ್ಬಿ, ಅದರ ಅಲ್ಯೂಮಿನಿಯಂ ಬೋರ್‌ಗೆ, ಅಂದರೆ ಸಿಲಿಂಡರ್ ಒಳಗೋಡೆಗೆ, ಮೆತ್ತಿಕೊಳ್ಳುತ್ತದೆ. ಜಾಸ್ತಿ ಏಟು ಬೀಳೋದು ಸೈಲೆನ್ಸರ್ ಇರುವ ಬದಿಗೆ, ಅಲ್ಲೇ ಬಿಸಿ ಹೆಚ್ಚು.

ಹಾಗಾಗಿ ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಕಿಂಡಿಯಲ್ಲಿ ಟಾರ್ಚ್ ಬಿಟ್ಟರೆ ಅರ್ಧ ಕಥೆ ಗೊತ್ತಾಗುತ್ತದೆ. ಒಳ್ಳೆ ಪಿಸ್ಟನ್ ನುಣ್ಣಗೆ ಇರುತ್ತದೆ. ಸೀಜ್ ಆದದ್ದರಲ್ಲಿ ಉದ್ದುದ್ದ ಗೀರು, ರಿಂಗ್ ತೋಡಿನಲ್ಲೇ ಸಿಕ್ಕಿಕೊಂಡಿರುತ್ತದೆ. ಹಾಕಿದ್ದು ಡೀಸೆಲ್ ಆಗಿದ್ದರೆ ಇಷ್ಟು ದೂರ ಬರೋದೇ ಬೇಡ. ಅದರಿಂದ ಮಿಷನ್ ಸ್ಟಾರ್ಟ್ ಆಗೋದಿಲ್ಲ, ಸ್ಟಾರ್ಟ್ ಆದರೂ ಹೊಗೆ ಕಾರುತ್ತದೆ ಅಷ್ಟೇ. ಟ್ಯಾಂಕ್, ಕಾರ್ಬುರೇಟರ್ ತೊಳೆದು, ಪ್ಲಗ್ ಒರೆಸಿ, ಸರಿಯಾದ ಮಿಕ್ಸ್ ಹಾಕಿದರೆ ಸಾಮಾನ್ಯವಾಗಿ ಮುಗಿಯಿತು.

ಈಗ ಮೊದಲನೇ ದಾರಿ. ಚೈನ್ ಸಾ ಸಿಲಿಂಡರ್‌ಗೆ ಒಳಗಡೆ ನಿಕಲ್-ಸಿಲಿಕಾನ್ ಕಾರ್ಬೈಡ್ ಅಥವಾ ಕ್ರೋಮ್ ಲೇಪ ಇರುತ್ತದೆ. ಬಹಳ ಗಟ್ಟಿ. ಬೈಕಿನ ಬೀಡು ಕಬ್ಬಿಣದ ಬೋರ್ ಹಾಗೆ ಇದನ್ನು ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕೋಕೆ ಬರೋದಿಲ್ಲ, ಲೇಪವೇ ಹೋಗುತ್ತದೆ. ಆದರೆ ನಾವು ಗೀರು ಅಂದುಕೊಂಡಿದ್ದು ಎಷ್ಟೋ ಸಲ ಗೀರೇ ಆಗಿರೋದಿಲ್ಲ, ಲೇಪದ ಮೇಲೆ ಮೆತ್ತಿಕೊಂಡ ಪಿಸ್ಟನ್ ಲೋಹ. ಅದನ್ನು ಕರಗಿಸಿ ತೆಗೆಯಬಹುದು.

ನಾನು ಬಳಸೋದು ಹೈಡ್ರೋಕ್ಲೋರಿಕ್ ಆಸಿಡ್, ಅದೂ ನಿಕಲ್ ಲೇಪದ ಸಿಲಿಂಡರ್‌ಗೆ ಮಾತ್ರ, ಕ್ರೋಮ್ ಲೇಪವನ್ನು ಅದು ತಿನ್ನುತ್ತದೆ. ಬಯಲಲ್ಲಿ ಕೂತು, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ಆ ಬೂದು ಪಟ್ಟಿಯ ಮೇಲೆ ಮಾತ್ರ ಸವರುತ್ತೇನೆ. ಅಲ್ಯೂಮಿನಿಯಂ ಇರುವ ಕಡೆ ಸಣ್ಣ ಗುಳ್ಳೆ ಎದ್ದು ನೊರೆ ಬರುತ್ತದೆ, ಕಪ್ಪು ನೀರು ಇಳಿಯುತ್ತದೆ. ಒರೆಸಿ ಮತ್ತೆ ಸವರಬೇಕು. ನೊರೆ ನಿಂತರೆ ಆ ಜಾಗ ಸ್ವಚ್ಛ. ಕಿಂಡಿಗಳ ಅಂಚಿಗೆ ತಾಗಿಸಬಾರದು, ಸಿಲಿಂಡರ್ ಮೈಯೂ ಅಲ್ಯೂಮಿನಿಯಂ ತಾನೇ, ಅದನ್ನೂ ತಿನ್ನುತ್ತದೆ. ಎಷ್ಟು ಒರೆಸಿದರೂ ಒಂದೇ ಜಾಗದಲ್ಲಿ ನೊರೆ ಬರುತ್ತಲೇ ಇದ್ದರೆ ಅಲ್ಲಿ ಲೇಪ ಕಿತ್ತು ಹೋಗಿದೆ ಅಂತ ಅರ್ಥ. ಆ ಸಿಲಿಂಡರ್ ಗುಜರಿಗೆ. ನನಗೆ ಈ ದಾರಿ ಹಿಡಿಸೋದೇ ಇದಕ್ಕೆ: ತೊಳೆಯುವ ಕೆಲಸವೇ ಸಿಲಿಂಡರ್ ಉಳಿಯುತ್ತದೋ ಇಲ್ಲವೋ ಹೇಳಿಬಿಡುತ್ತದೆ.

ಆಮೇಲೆ ಅಡುಗೆ ಸೋಡಾ ನೀರಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ನಯವಾದ ಎಮರಿ ಪೇಪರ್‌ನಿಂದ ಅಡ್ಡಡ್ಡ ಲಘುವಾಗಿ ಉಜ್ಜಿ, ಎಣ್ಣೆ ಸವರಿ ಇಡಬೇಕು. ಉಗುರು ಓಡಿಸಿದರೆ ಎಲ್ಲೂ ತಡೆಯಬಾರದು. ಹೊಸ ಪಿಸ್ಟನ್, ರಿಂಗ್ ಹಾಕಿದ ಮೇಲೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) 150 ಪಿಎಸ್‌ಐ ಆಸುಪಾಸು ಬಂತು. ಅಂಥ ಮಿಷನ್‌ಗೆ ನಾನು ಇನ್ನೇನೂ ಕೇಳೋದಿಲ್ಲ.

ಅಗ್ಗದ ಕಿಟ್ ಬಗ್ಗೆ ಜನ ಎರಡು ಥರ ಮಾತಾಡುತ್ತಾರೆ, ಎರಡೂ ನಿಜವೇ. ಬೆಲೆ ಕಡಿಮೆ, ಪೆಟ್ಟಿಗೆ ತೆರೆದರೆ ಎಲ್ಲಾ ಹೊಸದು, ಆಸಿಡ್ ಗೋಜಿಲ್ಲ. ಆದರೆ ತಂದ ಹಾಗೇ ಹಾಕೋಕೆ ಆಗಲಿಲ್ಲ. ಬೋರ್ ಒಳಗೆ ಬೆರಳು ಇಟ್ಟರೆ ಕಿಂಡಿ ಅಂಚುಗಳು ಬ್ಲೇಡ್ ಥರ ಚೂಪಾಗಿದ್ದವು. ಹಾಗೇ ಬಿಟ್ಟರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ಕೂತು ಒಂದೊಂದೇ ಅಂಚು ಮಟ್ಟ ಮಾಡಬೇಕಾಯಿತು. ಕಿಟ್ ಜೊತೆ ಬಂದ ಪಿನ್ ಲಾಕ್‌ಗಳು (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸಣ್ಣ ಕ್ಲಿಪ್) ಕೈಯಲ್ಲೇ ಬಾಗಿದವು. ಓಡುವಾಗ ಅದು ಕಳಚಿದರೆ ಬೋರ್ ಸೀಳುತ್ತದೆ, ಅದಕ್ಕೆ ಲಾಕ್ ಮಾತ್ರ ಒರಿಜಿನಲ್ ತಂದೆ. ಪಿಸ್ಟನ್ ತಲೆಗೂ ಸಿಲಿಂಡರ್ ತಲೆಗೂ ನಡುವಿನ ಸಂದನ್ನೂ ಅಳೆಯಬೇಕು. ಪ್ಲಗ್ ತೂತಿನಲ್ಲಿ ಸೋಲ್ಡರ್ ತಂತಿ ಇಳಿಸಿ, ಹಗ್ಗ ನಿಧಾನಕ್ಕೆ ಎಳೆದು, ಚಪ್ಪಟೆಯಾದ ತುದಿ ಅಳೆದರೆ ಸುಮಾರು ಅರ್ಧ ಮಿಲಿಮೀಟರ್ ಇದ್ದರೆ ಸಾಕು.

ಇಷ್ಟೆಲ್ಲಾ ಮಾಡಿದ ಮೇಲೆ ಓಡಿತು, ಸೌದೆ ಕೊಯ್ಯೋಕೆ ಸಾಕು. ಆದರೆ ಮೊದಲಿನ ಜೋರು ಬರಲಿಲ್ಲ. ದಿನವಿಡೀ ದುಡಿಯುವ ಮಿಷನ್‌ಗೆ ನಾನು ಇದನ್ನು ಹಾಕೋದಿಲ್ಲ.

ಒರಿಜಿನಲ್ ಸೆಟ್ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ಹಾಕಿದೆ, ಕೂತಿತು, ಓಡಿತು. ಒಂದೇ ತಕರಾರು ಬೆಲೆ. ಸಣ್ಣ ಮಿಷನ್ ಆದರೆ ಹೊಸದನ್ನೇ ತರಬಹುದಲ್ವಾ ಅನ್ನಿಸುವಷ್ಟು ಆಗುತ್ತದೆ. ದೊಡ್ಡ ಮಿಷನ್ ಆಗಿದ್ದು ಲೇಪ ಕಿತ್ತಿದ್ದರೆ ಕಣ್ಣು ಮುಚ್ಚಿ ಇದೇ.

ಯಾವ ದಾರಿ ಹಿಡಿದರೂ ಜೋಡಿಸುವಾಗ ಕೆಲವು ಸಂಗತಿ ಬದಲಾಗೋದಿಲ್ಲ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗೆ. ರಿಂಗ್‌ನ ಎರಡು ತುದಿ ತೋಡಿನಲ್ಲಿರುವ ಸಣ್ಣ ಮೊಳೆಯ ಆಚೀಚೆ ಕೂರಬೇಕು. ಹಳೇ ಲಾಕ್ ಮತ್ತೆ ಬಳಸಬಾರದು. ಟ್ಯಾಂಕ್‌ನಲ್ಲಿದ್ದ ಪೆಟ್ರೋಲ್ ಪೂರ್ತಿ ಚೆಲ್ಲಿ, ಪೈಪ್ ಬಿರುಕು ಬಿಟ್ಟಿದೆಯಾ, ಆಯಿಲ್ ಸೀಲ್‌ನಲ್ಲಿ ಗಾಳಿ ಸೋರುತ್ತಿದೆಯಾ ನೋಡಬೇಕು. ಗಾಳಿ ಸೋರಿದರೂ ಪಿಸ್ಟನ್ ಹೆಚ್ಚುಕಡಿಮೆ ಹೀಗೇ ಹಾಳಾಗುತ್ತದೆ. ತಪ್ಪನ್ನೆಲ್ಲಾ ಪೆಟ್ರೋಲ್ ಮೇಲೆ ಹಾಕಿ ಸುಮ್ನೆ ಇದ್ದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ.

ಇನ್ನು ಖರ್ಚು ಮಾಡುವ ಮೊದಲೇ ನೋಡಬೇಕಾದ್ದು ಕೆಳಗಿನ ಬೇರಿಂಗ್. ಸಿಲಿಂಡರ್ ಎತ್ತಿದ ಕೂಡಲೇ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆಯಿರಿ. ಪಕ್ಕಕ್ಕೆ ಸ್ವಲ್ಪ ಸರಿದರೆ ತೊಂದರೆ ಇಲ್ಲ, ಮೇಲೆ ಕೆಳಗೆ ಆಡಿದರೆ ಹೋಯಿತು. ರಾಡ್‌ನ ಕೆಳತುದಿ ಬಿಸಿಗೆ ನೀಲಿ ತಿರುಗಿದ್ದರೂ ಅಷ್ಟೇ. ಕ್ರ್ಯಾಂಕ್ ತಿರುಗಿಸಿದಾಗ ಮರಳು ಸಿಕ್ಕಂತೆ ಕರಕರ ಅಂದರೆ ಮೊದಲು ಮಿಕ್ಸ್ ಪೆಟ್ರೋಲ್ ಸುರಿದು ಅಲ್ಲಾಡಿಸಿ ಚೆಲ್ಲಿ, ಮತ್ತೆ ತಿರುಗಿಸಿ ನೋಡುತ್ತೇನೆ. ಕೆಲವೊಮ್ಮೆ ಒಳಗೆ ಬಿದ್ದ ಪಿಸ್ಟನ್ ಪುಡಿಯದ್ದೇ ಸದ್ದು. ಆಮೇಲೂ ಕರಕರ ನಿಲ್ಲದಿದ್ದರೆ ಕ್ರ್ಯಾಂಕ್ ಕೇಸ್ ಬಿಚ್ಚಬೇಕು, ಆಗ ಮೂರು ದಾರಿಯ ಲೆಕ್ಕವೂ ತಲೆಕೆಳಗು. ಅಂಥ ಸಣ್ಣ ಮಿಷನ್‌ಗಳನ್ನು ನಾನು ರಿಪೇರಿ ಮಾಡೋದಿಲ್ಲ. ಕಾರ್ಬುರೇಟರ್, ಕಾಯಿಲ್, ಕ್ಲಚ್ ಬಿಚ್ಚಿಟ್ಟುಕೊಂಡರೆ ಇನ್ನೊಂದು ಮಿಷನ್‌ಗೆ ಬರುತ್ತವೆ.