ಏಳು ಸೋಂಕಿನ ಪಿಸಿಆರ್ ಟೆಸ್ಟ್: ಟೆಸ್ಟ್ ಚೆನ್ನಾಗಿದೆ, ಕೌಂಟರ್ ಸರಿಯಾಗಬೇಕು

ಲ್ಯಾಬಿನ ಹೆಸರು ಬರೆಯುವುದಿಲ್ಲ. ಬೆಂಗಳೂರಿನಲ್ಲಿ ನಮ್ಮ ಮನೆ ಹತ್ತಿರದ್ದು. ಥೈರಾಯ್ಡ್, ಶುಗರ್ ಎಲ್ಲಾ ಅಲ್ಲೇ ಮಾಡಿಸುತ್ತೇವೆ. ಈ ಸಲ ಹೋಗಿದ್ದು ಲೈಂಗಿಕ ಸೋಂಕಿನ (ಎಸ್‌ಟಿಡಿ) ಪಿಸಿಆರ್ ಟೆಸ್ಟಿಗೆ. ಒಂದೇ ಸ್ಯಾಂಪಲ್ಲಿನಲ್ಲಿ ಏಳು ರೋಗಾಣುಗಳ ಡಿಎನ್‌ಎ ಹುಡುಕುವ ಟೆಸ್ಟ್ ಇದು, ಲ್ಯಾಬಿನವರು ಪ್ಯಾನೆಲ್ ಅಂತಾರೆ. ಮಾಡಿಸಿಕೊಂಡವರು ಯಾರಾದರೂ ಕನ್ನಡದಲ್ಲಿ ಬರೆದಿದ್ದಾರಾ ಅಂತ ಎರಡು ರಾತ್ರಿ ಹುಡುಕಿದ್ದೆ, ನನಗೆ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ 33 ವರ್ಷ. ಮಗುವಿಗಾಗಿ ಕಾಯುತ್ತಾ ಎರಡು ವರ್ಷ ಆಯಿತು. ಆಗಾಗ ಕಿಬ್ಬೊಟ್ಟೆ ನೋವು, ಬಿಳಿ ಸೆರಗು. "ಮೈ ಹೀಟ್ ಆಗಿದೆ, ಮೆಂತ್ಯ ನೆನೆಸಿ ತಿನ್ನು" ಅಂತ ಅತ್ತೆ ಹೇಳುತ್ತಿದ್ದರು. ಮಾತ್ರೆ ತಗೊಂಡಾಗ ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ಹೊಸ ಡಾಕ್ಟರ್ ಮೇಡಂ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು, "ಯಾವ ರೋಗಾಣು ಅಂತ ಇಲ್ಲಿತನಕ ಯಾರಾದರೂ ನೋಡಿದ್ದಾರೇನಮ್ಮಾ?" ಯಾರೂ ನೋಡಿರಲಿಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೀಡಿಯಾ ಅನ್ನೋ ಸೋಂಕು ಬಂದ ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲವಂತೆ. ಗೊತ್ತಾಗದೆ ಒಳಗೇ ಉಳಿದರೆ ಗರ್ಭನಾಳ ಹಾಳು ಮಾಡಬಹುದು. ನನಗೂ ನಮ್ಮ ಮನೆಯವರಿಗೂ ಇಬ್ಬರಿಗೂ ಟೆಸ್ಟ್ ಬರೆದುಕೊಟ್ಟರು.

ಬೆಳಗ್ಗೆ ಎಂಟು ಗಂಟೆಗೇ ಲ್ಯಾಬ್ ತುಂಬಿತ್ತು. ಫಾಸ್ಟಿಂಗ್ ಶುಗರಿಗೆ ಬಂದ ಹಿರಿಯರು, ತಿಂಡಿ ಡಬ್ಬಿ ಹಿಡಿದ ಅವರ ಮಕ್ಕಳು. ಚೀಟಿ ಕೊಟ್ಟೆ. ಕೌಂಟರಿನ ಹುಡುಗಿ ಹಿಂದೆ ತಿರುಗಿ, "ಎಸ್‌ಟಿಡಿ ಪ್ಯಾನೆಲ್ ಎರಡು ಇದೆ, ಎಷ್ಟು ರೇಟು?" ಅಂತ ಕೂಗಿ ಕೇಳಿದಳು. ನನ್ನ ಪಕ್ಕ ಕೂತಿದ್ದ ಅಜ್ಜಿ ತಲೆ ಎತ್ತಿ ನನ್ನನ್ನು ನೋಡಿದರು. ಆ ಕ್ಷಣ ಎದ್ದು ಹೋಗಿಬಿಡೋಣ ಅನಿಸಿತ್ತು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಬಿಲ್ ಮೇಲೆ ನನ್ನ ಹೆಸರಿನ ಕೆಳಗೆ ಮೈದುನನ ಮೊಬೈಲ್ ನಂಬರ್! ಹಿಂದೊಮ್ಮೆ ಜ್ವರ ಬಂದಾಗ ಅವನು ಬುಕ್ ಮಾಡಿದ್ದ, ಅದೇ ಉಳಿದುಕೊಂಡಿತ್ತು. ರಿಪೋರ್ಟ್ ತಾನಾಗಿ ವಾಟ್ಸಾಪಿಗೆ ಹೋಗುತ್ತದೆ. ನಾನು ಬಿಲ್ ಓದದೆ ಪರ್ಸಿಗೆ ಹಾಕಿಕೊಂಡಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಡವಡವ ಅನ್ನುತ್ತದೆ. ಬದಲಾಯಿಸಿ ಅಂದರೆ "ಸಿಸ್ಟಂನಲ್ಲಿ ಅದೇ ಇದೆ ಮೇಡಂ" ಅಂದಳು. ಮೂರು ಸಲ ಹೇಳಿದ ಮೇಲೆ ಬದಲಾಯಿತು. ದಯವಿಟ್ಟು ನೀವು ಹೋದಾಗ ದುಡ್ಡು ಕೊಡುವ ಮುಂಚೆ ನಂಬರ್ ನೋಡಿ.

ಒಳಗಿದ್ದ ಸಿಸ್ಟರ್ ಬೇರೆಯೇ ಥರ. ಬಾಗಿಲು ಹಾಕಿ, ಚಿಲಕ ಹಾಕಿ, ಆಮೇಲೆ ಮಾತಾಡಿದರು. ಯೋನಿಯಿಂದ ಸ್ಯಾಂಪಲ್ ನಾನೇ ತೆಗೆದುಕೊಳ್ಳಬಹುದು ಅಂದರು, ನನಗೆ ಅದು ಗೊತ್ತೇ ಇರಲಿಲ್ಲ. ಕೋವಿಡ್ ಟೈಮಲ್ಲಿ ಮೂಗಿಗೆ ಹಾಕುತ್ತಿದ್ದರಲ್ವಾ, ಅಂಥದ್ದೇ ತೆಳ್ಳನೆ ಕಡ್ಡಿ. ಅವರು ತಮ್ಮ ಕಿರುಬೆರಳು ತೋರಿಸಿ, "ಇಷ್ಟೇ ಒಳಗೆ ಹೋದರೆ ಸಾಕು, ಮೆಲ್ಲಗೆ ತಿರುಗಿಸುತ್ತಾ ಇಪ್ಪತ್ತರವರೆಗೆ ಎಣಿಸಿ" ಅಂದರು. ಕಡ್ಡಿಯ ಮಧ್ಯೆ ಒಂದು ಗೆರೆ ಇರುತ್ತದೆ. ತಿಳಿ ಗುಲಾಬಿ ದ್ರವ ಇರುವ ಟ್ಯೂಬಿಗೆ ಇಳಿಸಿ ಆ ಗೆರೆಗೆ ಮುರಿದರೆ ಟಕ್ ಅಂತ ಸದ್ದು, ಮುಚ್ಚಳ ತಿರುಗಿಸಿದರೆ ಆಯಿತು. ಒಂಚೂರೂ ನೋವಿಲ್ಲ.

ನಮ್ಮ ಮನೆಯವರಿಗೆ ಮೂತ್ರದ ಟೆಸ್ಟ್. ಮಾಮೂಲಿ ಯೂರಿನ್ ಟೆಸ್ಟಿಗೆ ಮೊದಲು ಬರುವುದನ್ನು ಬಿಟ್ಟು ಮಧ್ಯದ್ದು ಹಿಡಿಯಿರಿ ಅಂತಾರೆ. ಇಲ್ಲಿ ಉಲ್ಟಾ, ಮೊದಲು ಬರುವ 20-30 ಎಂಎಲ್ ಬೇಕು. ಅದಕ್ಕೆ ಮುಂಚೆ ಕಡಿಮೆ ಅಂದರೂ ಒಂದು ಗಂಟೆ ಬಾತ್‌ರೂಮಿಗೆ ಹೋಗಿರಬಾರದು. ಇದನ್ನು ಫೋನಿನಲ್ಲೇ ಹೇಳಬೇಕಿತ್ತು. ಅವರು ಮನೆಯಲ್ಲಿ ಹೋಗಿ ಬಂದಿದ್ದರು, ಸುಮ್ನೆ ಒಂದೂವರೆ ಗಂಟೆ ಕಾದೆವು.

ಇಬ್ಬರಿಗೂ ಸೇರಿ 7,600 ರೂಪಾಯಿ. ಜಾಸ್ತಿಯೇ. ಮೂರನೇ ದಿನ ರಿಪೋರ್ಟ್ ಬಂತು. ನನ್ನದರಲ್ಲಿ ಏಳು ಹೆಸರು, ಅದರಲ್ಲಿ ಎರಡರ ಮುಂದೆ ಕೆಂಪು ಅಕ್ಷರದಲ್ಲಿ ಡಿಟೆಕ್ಟೆಡ್, ಅಂದರೆ ಸಿಕ್ಕಿದೆ: ಕ್ಲಮೀಡಿಯಾ ಮತ್ತು ಯೂರಿಯಾಪ್ಲಾಸ್ಮಾ ಪಾರ್ವಮ್. ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಮಾರನೇ ದಿನ ಡಾಕ್ಟರ್ ಹೇಳಿದರು, ಯೂರಿಯಾಪ್ಲಾಸ್ಮಾ ಆರೋಗ್ಯವಾಗಿರುವ ಎಷ್ಟೋ ಜನರ ಮೈಯಲ್ಲೂ ಇರುತ್ತದೆ, ನಿನಗೆ ಅದಕ್ಕೆ ಔಷಧಿ ಬೇಡ. ಎರಡಕ್ಕೂ ಒಂದೇ ಕೆಂಪು ಬಣ್ಣ ಹಾಕಿ ಕಳಿಸಿದರೆ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು? ರಿಪೋರ್ಟಿನಲ್ಲಿ ಎರಡು ಸಾಲು ವಿವರಣೆ ಹಾಕುವುದು ಕಷ್ಟವಾ?

ಎಲ್ಲಿಂದ ಬಂತು, ಯಾರಿಂದ ಬಂತು ಅಂತ ಈ ಟೆಸ್ಟ್ ಹೇಳುವುದಿಲ್ಲ. ನಮ್ಮ ಮನೆಯವರಿಗೂ ಕ್ಲಮೀಡಿಯಾ ಬಂದಿತ್ತು. ಗೊತ್ತಾಗದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಸೋಂಕು ಇದು ಅಂತ ಡಾಕ್ಟರ್ ಇಬ್ಬರನ್ನೂ ಕೂರಿಸಿ ಹೇಳಿದರು. ಆ ಮಾತು ಆ ದಿನ ನಮ್ಮ ಮನೆ ಉಳಿಸಿತು. ಡಾಕ್ಸಿಸೈಕ್ಲಿನ್ 100 ಎಂಜಿ, ದಿನಕ್ಕೆ ಎರಡು, ಏಳು ದಿನ, ಇಬ್ಬರೂ ಒಟ್ಟಿಗೆ. ಅದು ಮುಗಿಯುವವರೆಗೆ ಗಂಡ ಹೆಂಡತಿ ಸೇರಬಾರದು.

ಹತ್ತನೇ ದಿನಕ್ಕೆ ಲ್ಯಾಬಿನಿಂದ ಮೆಸೇಜು, ರಿಪೀಟ್ ಟೆಸ್ಟಿಗೆ ಡಿಸ್ಕೌಂಟ್ ಅಂತ. ಬುಕ್ ಮಾಡುವುದರಲ್ಲಿದ್ದೆ. ಡಾಕ್ಟರ್ ಬೇಡ ಅಂದರು. ಪಿಸಿಆರ್ ಹುಡುಕುವುದು ರೋಗಾಣುವಿನ ಡಿಎನ್‌ಎ. ಸತ್ತ ರೋಗಾಣುವಿನ ಚೂರು ಸಿಕ್ಕರೂ ಪಾಸಿಟಿವ್ ಅನ್ನುತ್ತದೆ. ಔಷಧಿ ಮುಗಿದು ನಾಲ್ಕು ವಾರದೊಳಗೆ ಮಾಡಿಸಿದರೆ ಸುಮ್ಮನೆ ಗಾಬರಿ, ಮೂರು ತಿಂಗಳಿಗೆ ಮಾಡಿಸು ಅಂದರು. ಈ ವಿಷಯ ಲ್ಯಾಬಿನವರಿಗೆ ಗೊತ್ತಿರಬೇಕಲ್ವಾ?

ಇನ್ನೊಂದು ಮಾತು. ಏಳು ಹೆಸರಿದೆ ಅಂತ ಎಲ್ಲಾ ಅದರಲ್ಲೇ ಬಂತು ಅಂದುಕೊಳ್ಳಬೇಡಿ. ನಮ್ಮ ಪ್ಯಾನೆಲ್‌ನಲ್ಲಿ ಎಚ್‌ಐವಿ, ಸಿಫಿಲಿಸ್ ಇರಲಿಲ್ಲ, ಅವಕ್ಕೆ ರಕ್ತ ಕೊಡಬೇಕು. ಎಚ್‌ಐವಿ ಟೆಸ್ಟಿಗೆ ನಾವು ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ, ಹೋದೆವು. ಒಂದು ರೂಪಾಯಿ ಕೊಡಲಿಲ್ಲ. ಅಲ್ಲಿ ಕೌನ್ಸಿಲರ್ ಮೊದಲು ಕೂರಿಸಿ ಮಾತಾಡಿ, ಒಪ್ಪಿಗೆ ಕೇಳಿ, ಆಮೇಲೆ ರಕ್ತ ತೆಗೆಸಿದರು. ಅನುಮಾನ ಇದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದೂ ಫ್ರೀ.

ನಮ್ಮ ಮೂರು ತಿಂಗಳು ಮುಂದಿನ ತಿಂಗಳಿಗೆ ಆಗುತ್ತದೆ. ಅದೇ ಲ್ಯಾಬಿಗೇ ಹೋಗುತ್ತೇನೆ. ಆ ಸಿಸ್ಟರ್ ಡ್ಯೂಟಿ ಯಾವ ದಿನ ಅಂತ ಫೋನಿನಲ್ಲಿ ಕೇಳಿಕೊಂಡಿದ್ದೇನೆ, ಮಂಗಳವಾರ ಮತ್ತು ಶುಕ್ರವಾರ.