ಯಾವ ಭೇಟಿಯನ್ನು ದಾಖಲಿಸಬೇಕು: ಸೆಷನ್ ರೆಕಾರ್ಡಿಂಗ್‌ನ ಮೂರು ಸ್ಯಾಂಪ್ಲಿಂಗ್ ವಿಧಾನಗಳು

ಜಾಲತಾಣಕ್ಕೆ ಬಂದವರು ಪುಟದಲ್ಲಿ ಏನೇನು ಮಾಡಿದರೆಂಬುದನ್ನು ಆಮೇಲೆ ನೋಡಲು ದಾಖಲಿಸುವುದು ಸೆಷನ್ ರೆಕಾರ್ಡಿಂಗ್, ಎಲ್ಲ ಭೇಟಿಗಳಲ್ಲಿ ಯಾವುವನ್ನು ದಾಖಲಿಸಬೇಕೆಂದು ಆರಿಸುವುದು ಸ್ಯಾಂಪ್ಲಿಂಗ್. ಒಂದೇ ಜಾಲತಾಣದಲ್ಲಿ, ದಿನಕ್ಕೆ 1,200 ರೆಕಾರ್ಡಿಂಗ್‌ಗಳ ಒಂದೇ ಮಿತಿಯನ್ನಿಟ್ಟುಕೊಂಡು, ಮೂರು ಸ್ಯಾಂಪ್ಲಿಂಗ್ ವಿಧಾನಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದ್ದೇನೆ: ಸ್ಥಿರ ದರ, ದಟ್ಟಣೆಗೆ ತಕ್ಕಂತೆ ದರವನ್ನು ತಾನೇ ಬದಲಿಸಿಕೊಳ್ಳುವ ಅಡಾಪ್ಟಿವ್ ಸ್ಯಾಂಪ್ಲಿಂಗ್, ಹಾಗೂ ದೋಷ ಕಂಡಾಗ ಮಾತ್ರ ದಾಖಲೆಯನ್ನು ಉಳಿಸಿಕೊಳ್ಳುವ ಬಫರ್ ವಿಧಾನ. ರೆಕಾರ್ಡಿಂಗ್ ಎಂದು ಕರೆದರೂ ಇದು ವಿಡಿಯೊ ಅಲ್ಲ. ಆರ್‌ಆರ್‌ವೆಬ್‌ನಂತಹ ಮುಕ್ತ ತಂತ್ರಾಂಶವು ಮೊದಲು ಪುಟದ ಇಡೀ ರಚನೆಯ ಪ್ರತಿಯೊಂದನ್ನು ತೆಗೆದುಕೊಂಡು, ಆಮೇಲೆ ಅದರಲ್ಲಾಗುವ ಬದಲಾವಣೆಗಳನ್ನೂ ಮೌಸ್‌ನ ಚಲನೆ, ಸ್ಕ್ರೋಲ್, ಕ್ಲಿಕ್‌ಗಳನ್ನೂ ಸಮಯದ ಗುರುತಿನೊಂದಿಗೆ ಬರೆದಿಡುತ್ತದೆ. ನಾವು ನೋಡುವಾಗ ಅದರಿಂದಲೇ ಪುಟವನ್ನು ಮರಳಿ ಕಟ್ಟಿ ತೋರಿಸುತ್ತದೆ. ಇದು ವಿಡಿಯೊಗಿಂತ ಹಗುರವಾದರೂ, ಬಂದ ಎಲ್ಲ ಭೇಟಿಗಳನ್ನೂ ಉಳಿಸಿಟ್ಟರೆ ಸಂಗ್ರಹದ ಖರ್ಚೂ ಕೈಮೀರುತ್ತದೆ, ಅವನ್ನೆಲ್ಲ ನೋಡುವಷ್ಟು ಸಮಯವೂ ಯಾರಿಗೂ ಇರುವುದಿಲ್ಲ.

ಸ್ಥಿರ ದರದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಭೇಟಿಯ ಗುರುತುಸಂಖ್ಯೆಯನ್ನು ಹ್ಯಾಶ್ ಮಾಡಿ, ಅಂದರೆ ಒಂದು ಸೂತ್ರದಿಂದ ಬೇರೊಂದು ಸಂಖ್ಯೆಯಾಗಿ ಬದಲಿಸಿ, ಬಂದ ಸಂಖ್ಯೆ ನಿಗದಿತ ದರದೊಳಗೆ ಬಿದ್ದರೆ ದಾಖಲಿಸುವುದು, ಇಲ್ಲದಿದ್ದರೆ ಬಿಡುವುದು, ಅಷ್ಟೇ. ಈ ತಿಂಗಳನ್ನು ಕಳೆದ ತಿಂಗಳೊಂದಿಗೆ ಹೋಲಿಸಲು ಇದಕ್ಕಿಂತ ನೇರವಾದ ವಿಧಾನವಿಲ್ಲ. ಆದರೆ ಅಪರೂಪದ ತೊಂದರೆಗಳು ಇದರ ಕೈಗೆ ಸಿಗುವುದಿಲ್ಲ. ದರ ಶೇ. 10 ಇದ್ದು, ತೊಂದರೆಯೊಂದು ದಿನದಲ್ಲಿ ಮೂರೇ ಭೇಟಿಗಳಲ್ಲಿ ಕಾಣಿಸಿಕೊಂಡರೆ, ಅವುಗಳಲ್ಲಿ ಒಂದಾದರೂ ದಾಖಲಾಗುವ ಸಾಧ್ಯತೆ ಸುಮಾರು ಶೇ. 27 ಮಾತ್ರ. ದಟ್ಟಣೆ ಹಠಾತ್ತನೆ ಏರಿದ ದಿನವಂತೂ ಸಂಜೆಯೊಳಗೆ ಮಿತಿ ಮುಗಿದು, ಆ ನಂತರದ ಭೇಟಿಗಳ ಬಗ್ಗೆ ಏನೂ ತಿಳಿಯದಂತಾಗುತ್ತದೆ.

ಅಡಾಪ್ಟಿವ್ ಸ್ಯಾಂಪ್ಲಿಂಗ್ ಈ ಎರಡನೆಯ ಕೊರತೆಗೆ ಉತ್ತರ. ಮೊದಲನೆಯದಕ್ಕೂ ಇದೇ ಉತ್ತರವೆಂದು ನಾನು ಕೆಲಕಾಲ ತಪ್ಪಾಗಿ ಭಾವಿಸಿದ್ದೆ. ಇದನ್ನು ಎರಡು ಬಗೆಯಲ್ಲಿ ಅಳವಡಿಸಬಹುದು. ನಾನು ಮೊದಲು ಮಾಡಿದ್ದು ದಿನದ ಮಿತಿಯನ್ನು 24 ಗಂಟೆಗಳಿಗೆ ಸಮನಾಗಿ ಹಂಚುವ ಸುಲಭದ ಬಗೆ: ಗಂಟೆಗೆ 50 ದಾಖಲೆಗಳು. ಮಧ್ಯಾಹ್ನದ ಗಂಟೆಯಲ್ಲಿ 1,000 ಭೇಟಿಗಳಿದ್ದರೆ ದರ ಶೇ. 5ಕ್ಕೆ ಇಳಿಯುತ್ತದೆ, ಗಂಟೆಗೆ 100 ಭೇಟಿಗಳಷ್ಟೇ ಇರುವ ನಡುರಾತ್ರಿಯಲ್ಲಿ ಶೇ. 50ಕ್ಕೆ ಏರುತ್ತದೆ. ಮಿತಿಯೇನೋ ಅಚ್ಚುಕಟ್ಟಾಗಿ ಪಾಲನೆಯಾಯಿತು, ಆದರೆ ದಾಖಲೆಗಳ ಪಟ್ಟಿಯನ್ನು ನೋಡಿದವರಿಗೆ ನಮ್ಮ ಬಳಕೆದಾರರು ಹಗಲಿನಷ್ಟೇ ರಾತ್ರಿಯಲ್ಲೂ ಬರುತ್ತಾರೆಂದು ತೋರುತ್ತಿತ್ತು. ಮಧ್ಯಾಹ್ನದ ಒಂದು ದಾಖಲೆ 20 ಭೇಟಿಗಳನ್ನೂ ರಾತ್ರಿಯ ಒಂದು ದಾಖಲೆ ಎರಡೇ ಭೇಟಿಗಳನ್ನೂ ಪ್ರತಿನಿಧಿಸುತ್ತದೆಂಬುದನ್ನು ಪಟ್ಟಿ ಹೇಳುವುದಿಲ್ಲ. ಎರಡೂ ಹೊತ್ತಿನಲ್ಲಿ ಹತ್ತು ಹತ್ತು ವಿಫಲ ಭೇಟಿಗಳು ಕಂಡರೆ, ಒಂದು ಕಡೆ ನಿಜವಾಗಿ ಸುಮಾರು 200, ಇನ್ನೊಂದು ಕಡೆ ಸುಮಾರು 20 ಎಂದು ಓದಬೇಕು. ಆಯ್ಕೆಯಾಗುವ ಸಾಧ್ಯತೆಯ ವಿಲೋಮವನ್ನೇ ತೂಕವಾಗಿ ಬಳಸುವ ಈ ಲೆಕ್ಕ ಹೊಸದೇನಲ್ಲ. ಸಂಖ್ಯಾಶಾಸ್ತ್ರದಲ್ಲಿ ಹಾರ್ವಿಟ್ಸ್ ಮತ್ತು ಥಾಂಪ್ಸನ್ ಇದನ್ನು 1952ರಲ್ಲೇ ಮಂಡಿಸಿದ್ದಾರೆ. ಆದರೆ ಆ ಗಳಿಗೆಯ ದರವನ್ನು ಪ್ರತಿ ದಾಖಲೆಯೊಂದಿಗೆ ಬರೆದಿಟ್ಟಿದ್ದರೆ ಮಾತ್ರ ಈ ಲೆಕ್ಕ ಸಾಧ್ಯ. ನಾನು ಮೊದಲ ವಾರ ಅದನ್ನು ಬರೆದಿಟ್ಟಿರಲಿಲ್ಲ, ಹಾಗಾಗಿ ಆ ವಾರದ ದಾಖಲೆಗಳಿಂದ ಯಾವ ಎಣಿಕೆಯನ್ನೂ ಮಾಡಲಾಗಲಿಲ್ಲ.

ಎರಡನೆಯ ಬಗೆಯಲ್ಲಿ, ಉಳಿದಿರುವ ಮಿತಿಯನ್ನು ದಿನದಲ್ಲಿ ಇನ್ನೂ ಬರಬಹುದಾದ ಭೇಟಿಗಳ ಅಂದಾಜಿನಿಂದ ಭಾಗಿಸಿ, ಕೆಲವು ನಿಮಿಷಗಳಿಗೊಮ್ಮೆ ದರವನ್ನು ಹೊಸದಾಗಿ ನಿಗದಿಪಡಿಸಲಾಗುತ್ತದೆ. ದಿನದ ಆರಂಭದಲ್ಲಿ 24,000 ಭೇಟಿಗಳ ನಿರೀಕ್ಷೆಯಿದ್ದರೆ ದರ ಶೇ. 5, ಮಧ್ಯಾಹ್ನದ ವೇಳೆಗೆ 700 ದಾಖಲೆಗಳು ಖರ್ಚಾಗಿ, ಇನ್ನೂ 20,000 ಭೇಟಿಗಳು ಬರುವಂತೆ ಕಂಡರೆ ಶೇ. 2.5. ಅಂದಾಜು ಸರಿಯಿದ್ದಷ್ಟೂ ದರ ಏರಿಳಿಯದೆ ನಿಲ್ಲುವುದರಿಂದ ಹಗಲುರಾತ್ರಿಯ ವಕ್ರತೆ ಬಹಳ ಮಟ್ಟಿಗೆ ತಗ್ಗುತ್ತದೆ, ಆದ್ದರಿಂದ ನನ್ನ ಆಯ್ಕೆ ಇದೇ. ಆದರೆ ಒಮ್ಮೆಗೇ ಜನ ನುಗ್ಗಿದಾಗ, ಮುಂದಿನ ಲೆಕ್ಕಾಚಾರದ ಹೊತ್ತು ಬರುವವರೆಗೆ ಹಳೆಯ ದರವೇ ನಡೆಯುತ್ತಿರುತ್ತದೆ, ಮಿತಿಯ ದೊಡ್ಡ ಪಾಲು ಆ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ದರ ಬದಲಾಗುತ್ತಿರುವಾಗ ನಿರ್ಧಾರವನ್ನು ಭೇಟಿಯ ಆರಂಭದಲ್ಲೇ ಒಮ್ಮೆ ಮಾಡಿ ಕಾಯ್ದಿಡುವುದೂ ಅಗತ್ಯ. ನಾನು ಅದನ್ನು ಸೆಷನ್ ಸ್ಟೋರೇಜ್ ಎಂಬ, ಬ್ರೌಸರ್‌ನ ತಾತ್ಕಾಲಿಕ ಸಂಗ್ರಹದಲ್ಲಿಟ್ಟಿದ್ದೆ. ಅದು ಟ್ಯಾಬಿಗೊಂದರಂತೆ ಬೇರೆಬೇರೆಯಾಗಿರುವುದನ್ನು ಮರೆತಿದ್ದೆ. ಬಳಕೆದಾರರು ಹೊಸ ಟ್ಯಾಬಿನಲ್ಲಿ ತುಂಬಬೇಕಾದ ನಮೂನೆಯನ್ನು (ಫಾರ್ಮ್) ತೆರೆದೊಡನೆ ನಿರ್ಧಾರ ಹೊಸದಾಗಿ ನಡೆದು, ದಾಖಲೆ ಅರ್ಧಕ್ಕೇ ನಿಲ್ಲುತ್ತಿತ್ತು. ಎಲ್ಲ ಟ್ಯಾಬುಗಳಿಗೂ ಒಂದೇ ಆಗಿರುವ ಕುಕಿಗೆ ಬದಲಾಯಿಸಿದ ಮೇಲೆ ಸರಿಹೋಯಿತು.

ಬಫರ್ ವಿಧಾನದ ತರ್ಕವೇ ಬೇರೆ. ಬ್ರೌಸರ್ ಎಲ್ಲ ಭೇಟಿಗಳನ್ನೂ ತನ್ನ ಸ್ಮೃತಿಯಲ್ಲಿ ದಾಖಲಿಸುತ್ತಾ ಹಳೆಯದನ್ನು ಅಳಿಸುತ್ತಾ ಹೋಗಿ, ದೋಷ ಕಂಡಾಗ ಮಾತ್ರ ಸರ್ವರಿಗೆ ಕಳಿಸುತ್ತದೆ. ದೋಷಗಳನ್ನು ಗಮನಿಸುವ ಸೆಂಟ್ರಿ ಎಂಬ ಸೇವೆಯಲ್ಲಿ ಸಾಮಾನ್ಯ ಭೇಟಿಗಳಿಗೊಂದು, ದೋಷವಿರುವ ಭೇಟಿಗಳಿಗೊಂದು ಎಂದು ಎರಡು ದರಗಳಿದ್ದು, ದೋಷಕ್ಕೆ ಮುಂಚಿನ ಒಂದು ನಿಮಿಷದವರೆಗಿನ ಘಟನೆಗಳೂ ದೊರೆಯುತ್ತವೆ. ದೋಷ ಹುಡುಕಲು ಇದಕ್ಕೆ ಸಾಟಿಯಿಲ್ಲ, ಮೇಲೆ ಹೇಳಿದ ಮೂರು ಭೇಟಿಗಳ ಲೆಕ್ಕಕ್ಕೂ ಉತ್ತರ ಇಲ್ಲೇ ಇದೆ. ಆದರೆ ಏನೂ ಕಳಿಸದ ಭೇಟಿಗಳಲ್ಲೂ ದಾಖಲಿಸುವ ಹೊರೆಯನ್ನು ಬಳಕೆದಾರರ ಸಾಧನವೇ ಹೊರಬೇಕು. ಪುಟದ ಭಾಗಗಳ ಗಾತ್ರ ಬದಲಾಗುವಾಗ ಬ್ರೌಸರ್ ತೋರುವ ರಿಸೈಜ್ ಅಬ್ಸರ್ವರ್ ಲೂಪ್‌ನಂತಹ, ಬಹುಮಟ್ಟಿಗೆ ನಿರುಪದ್ರವಿಯಾದ ದೋಷಸಂದೇಶಗಳನ್ನು ಮೊದಲೇ ಸೋಸಿ ತೆಗೆಯದಿದ್ದರೆ ಮಿತಿಯೆಲ್ಲ ಅವುಗಳಿಗೇ ಹೋಗುತ್ತದೆ. ನನ್ನ ಮೊದಲ ದಿನ ಹೋದದ್ದೂ ಹಾಗೆಯೇ.

ದೋಷಸಂದೇಶವನ್ನೇ ಹುಟ್ಟಿಸದ ತೊಂದರೆಗಳು ಬಫರ್ ವಿಧಾನಕ್ಕೆ ಕಾಣಿಸುವುದಿಲ್ಲ. ಒಂದು ದಾಖಲೆಯಲ್ಲಿ ಸಣ್ಣ ಪರದೆಯ ಫೋನಿನ ಬಳಕೆದಾರರೊಬ್ಬರು ನಮೂನೆಯನ್ನು ಪೂರ್ತಿ ತುಂಬಿದ್ದಾರೆ. ಕುಕಿ ಅನುಮತಿಯ ಪಟ್ಟಿ ಕೆಳಗಿನಿಂದ ಎದ್ದು ‘ಸಲ್ಲಿಸಿ’ ಗುಂಡಿಯ ಮುಕ್ಕಾಲು ಭಾಗವನ್ನು ಮುಚ್ಚಿದೆ. ಅವರು ನಾಲ್ಕು ಬಾರಿ ಒತ್ತುತ್ತಾರೆ, ಪ್ರತಿ ಒತ್ತೂ ಪಟ್ಟಿಯ ಮೇಲೇ ಬೀಳುತ್ತದೆ. ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿ, ಕೊನೆಗೆ ಬಿಟ್ಟುಹೋಗುತ್ತಾರೆ. ಕೋಡ್‌ನ ದೃಷ್ಟಿಯಲ್ಲಿ ಇಲ್ಲಿ ಯಾವ ದೋಷವೂ ನಡೆದಿಲ್ಲ. ಇದು ಸಿಕ್ಕಿದ್ದು ಅಡಾಪ್ಟಿವ್ ದಾಖಲೆಗಳಲ್ಲಿ, ಗಂಟೆಗಳಿಗೆ ಸಮನಾಗಿ ಹಂಚುತ್ತಿದ್ದಾಗಿನ ಎರಡನೆಯ ವಾರದ ಒಂದು ರಾತ್ರಿಯಲ್ಲಿ, ಪಕ್ಕದಲ್ಲಿ ಶೇ. 50 ಎಂಬ ದರದೊಂದಿಗೆ. ಅದೇ ಪಟ್ಟಿ ಅಡ್ಡಬಂದ ಇನ್ನೊಂದು ದಾಖಲೆ ಮಧ್ಯಾಹ್ನದ್ದು, ದರ ಶೇ. 5. ಒಂದೊಂದೇ ದಾಖಲೆಯಿಂದ ಗುಣಿಸುವುದು ಒರಟು ಅಂದಾಜೇ ಸರಿ. ಆದರೂ ಆ ಎರಡು ದಾಖಲೆಗಳನ್ನು ನಾವು ಎರಡು ಭೇಟಿಗಳೆಂದು ಬರೆದುಕೊಳ್ಳದೆ, ಇಪ್ಪತ್ತೆರಡೆಂದು ಬರೆದುಕೊಂಡು ಆ ಪಟ್ಟಿಯನ್ನು ಪುಟದ ಮೇಲ್ಭಾಗಕ್ಕೆ ಸರಿಸಿದೆವು.