ಹೊಸ ಕನ್ಸೋಲ್‌ಗೆ ಕಾಯಬೇಕಾ, ಈಗಲೇ ಕೊಳ್ಳಬೇಕಾ?

ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4, ಟಿವಿಗೆ ಜೋಡಿಸಿ ಆಟ ಆಡುವ ಕನ್ಸೋಲ್) ಇಟ್ಟುಕೊಂಡು ಮುಂದಿನ ತಲೆಮಾರಿಗೆ ಕಾಯಲಾ, ಪಿಎಸ್5 ಕೊಳ್ಳಲಾ, ಇಲ್ಲಾ ಪಿಎಸ್5 ಪ್ರೊ ಕೊಳ್ಳಲಾ ಅಂತ ಕೇಳಿದ್ದೀರಿ.

ನಿಜವಾದ ವ್ಯತ್ಯಾಸ ವೇಗದಲ್ಲಿದೆ. 2013ರ ಪಿಎಸ್4ನಲ್ಲಿರುವುದು ಹಾರ್ಡ್ ಡಿಸ್ಕ್. ಆಟದಲ್ಲಿ ಸತ್ತಾಗಲೆಲ್ಲ ಲೋಡಿಂಗ್ ಪರದೆ ನೋಡುತ್ತಾ ಕೂರಬೇಕು. 2020ರ ಪಿಎಸ್5ನಲ್ಲಿ ಅದಕ್ಕಿಂತ ತುಂಬಾ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಇದೆ, ಕೆಲವೇ ಸೆಕೆಂಡಿನಲ್ಲಿ ಮತ್ತೆ ಶುರು. ಈ ಸುಖ ಒಮ್ಮೆ ಸಿಕ್ಕರೆ ಹಿಂದಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ. ಡಿಸ್ಕ್ ಡ್ರೈವ್ ಇರುವ ಮಾದರಿ ಕೊಂಡರೆ ನಿಮ್ಮ ಹಳೆಯ ಪಿಎಸ್4 ಆಟದ ಡಿಸ್ಕ್‌ಗಳೂ ಬಹುತೇಕ ನಡೆಯುತ್ತವೆ.

2024ರ ಪ್ರೊ ದುಬಾರಿ. ಚಿತ್ರ ಇನ್ನೂ ಚೆನ್ನ, ಆಟಗಳನ್ನು ಇಡುವ ಜಾಗ 2 ಟಿಬಿ. ಆದರೆ ಡಿಸ್ಕ್ ಡ್ರೈವ್ ಬೇರೆಯಾಗಿ ಕೊಳ್ಳಬೇಕು. 4ಕೆ ಟಿವಿ ಇಲ್ಲದವರಿಗೆ ಸುಮ್ನೆ ಜಾಸ್ತಿ ಖರ್ಚು ಅಲ್ವಾ?

ಪಿಎಸ್5 ಈಗಾಗಲೇ ಇರುವವರು ನೆಮ್ಮದಿಯಾಗಿ ಕಾಯಬಹುದು. ನನಗಂತೂ ಹೊಸ ತಲೆಮಾರಿನ ಅವಸರ ಕಾಣುತ್ತಿಲ್ಲ.